ಕೇಳಿಸದ ಗುಂಡಿನ ಕೇಸು

ಬಂದೂಕು, ಗುಂಡು ಪರೀಕ್ಷಿಸುವ ಬ್ಯಾಲಿಸ್ಟಿಕ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಒಂದು ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬಂದರು. ನಾನು ನಿವೃತ್ತಳಾದ ಮೇಲೆ ಆ ವಿಭಾಗದಿಂದ ಹುಡುಕಿಕೊಂಡು ಬಂದವರು ಅವರೇ ಮೊದಲು. ಒಬ್ಬಳ ಮನೆಯವರು ಮೂಲ್ಕಿ ಕಡೆಯವರು, ಹುಡುಗಿ ಹುಟ್ಟಿ ಬೆಳೆದದ್ದು ಠಾಣೆ ಶಹರದಲ್ಲಿ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ನೀರುದೋಸೆ ತಿನ್ನುತ್ತ ಕೇಳಿದಳು: “ಆಂಟಿ, ಸೈಲೆನ್ಸರ್ ಲಗಾಯಾ ತೋ ಪಿಕ್ಚರ್ ಜೈಸಾ ಸಿರ್ಫ್ ಫುಸ್ ಆವಾಜ್ ಆತಾ ಹೈ ಕ್ಯಾ?” ಸೈಲೆನ್ಸರ್ ಹಾಕಿದರೆ ಪಿಕ್ಚರಿನ ಹಾಗೆ ಬರೀ ಫುಸ್ ಎಂದು ಸದ್ದು ಬರುತ್ತದೆಯೇ ಎಂದು.

“ಕೇಳುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ಹೋಗ್ತದೆ ಮಗಾ,” ಎಂದೆ.

ಅವಳಿಗೆ ಉತ್ತರ ಸಾಲಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಪೂರ್ತಿ ಉತ್ತರ ಹೇಳಬೇಕಾದರೆ ಇಬ್ಬರು ಮನುಷ್ಯರ ವಿಷಯ ಹೇಳಬೇಕಾಗುತ್ತದೆ. ಅದು ದೋಸೆ ತಿನ್ನುವಾಗ ಹೇಳಿ ಮುಗಿಸುವ ಮಾತಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಓದಲಿ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಪ್ರಯೋಜನವೂ ಇಲ್ಲ.

ನಮ್ಮ ಪ್ರಯೋಗಾಲಯ ನವಿ ಮುಂಬಯಿಯಲ್ಲಿತ್ತು. ಠಾಣೆ, ಕಲ್ಯಾಣ, ಭಿವಂಡಿ ಕಡೆಯ ಪೊಲೀಸರು ವಶಪಡಿಸಿಕೊಂಡ ಬಂದೂಕು, ಪಿಸ್ತೂಲು, ಹೆಣದಿಂದ ತೆಗೆದ ಗುಂಡುಗಳೆಲ್ಲ ಸೀಲು ಹಾಕಿದ ಪೊಟ್ಟಣಗಳಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಈ ಗುಂಡು ಈ ಪಿಸ್ತೂಲಿನದೇ ಎಂದು ಹೇಳಬೇಕಾದರೆ, ಅದೇ ಪಿಸ್ತೂಲಿನಿಂದ ನಾವೇ ಇನ್ನೊಂದು ಗುಂಡು ಹಾರಿಸಿ, ಎರಡನ್ನೂ ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ಗೀರಿಗೆ ಗೀರು ಕೂಡುತ್ತದೆಯೇ ಎಂದು ನೋಡಬೇಕು. ಇದು ಕಣ್ಣಿನ ಕೆಲಸ, ಅದಕ್ಕಿಂತ ಹೆಚ್ಚಾಗಿ ತಾಳ್ಮೆಯ ಕೆಲಸ. ನಾನು ಸೇರಿದಾಗ ಗುಂಡನ್ನು ಹತ್ತಿ ತುಂಬಿದ ಉದ್ದನೆಯ ಪೆಟ್ಟಿಗೆಯೊಳಕ್ಕೆ ಹಾರಿಸಿ, ಆಮೇಲೆ ಹತ್ತಿ ಹಿಂಜಿ ಹುಡುಕುತ್ತಿದ್ದೆವು. ಕೆಲವು ವರ್ಷಗಳ ನಂತರ ನೀರಿನ ತೊಟ್ಟಿ ಬಂತು. ಕಂಪ್ಯೂಟರ್ ಪರದೆಯ ಮೇಲೆ ಗೀರು ನೋಡುವ ಕಾಲ ಬರುವಷ್ಟರಲ್ಲಿ ನನಗೆ ದಪ್ಪ ಕನ್ನಡಕ ಬಂದಿತ್ತು.

ಸಾಠೆ ಸಾಹೇಬರು ನಮ್ಮ ಮುಖ್ಯಸ್ಥರು. ನನಗೆ ಸೂಕ್ಷ್ಮದರ್ಶಕ ಹಿಡಿಯಲು ಕಲಿಸಿದವರು ಅವರೇ. ಹೆಣ್ಣುಮಗಳಿಗೆ ಬಂದೂಕಿನ ವಿಭಾಗ ಏಕೆ ಎಂದು ಬೇರೆಯವರು ನಕ್ಕಾಗ, “ಗೀರು ನೋಡುವುದಕ್ಕೆ ಮೀಸೆ ಬೇಕಾಗಿಲ್ಲ,” ಎಂದವರು. ಯಾವ ಪೊಲೀಸ್ ಅಧಿಕಾರಿ ಎಷ್ಟು ಒತ್ತಾಯಿಸಿದರೂ ಕಾಣದ ಗೀರನ್ನು ಕಂಡೆ ಎಂದು ಅವರು ಸಹಿ ಹಾಕಲಿಲ್ಲ. ಒಮ್ಮೆ ಕಲ್ಯಾಣದ ಒಂದು ಪೊಲೀಸ್ ಠಾಣೆಯ ಹವಾಲ್ದಾರ, ಪುರಾವೆ ಅದಲು ಬದಲಾಗಬಾರದೆಂಬ ಎಚ್ಚರದಿಂದ, ಹೆಣದಿಂದ ತೆಗೆದ ಗುಂಡಿನ ಮೈಮೇಲೆ ಮೊಳೆಯಿಂದ ಕೇಸಿನ ನಂಬರು ಕೆತ್ತಿ ಕಳಿಸಿದ್ದ. ನಾವು ನೋಡಬೇಕಿದ್ದ ಗೀರುಗಳ ಮೇಲೆಯೇ ನಂಬರು ಕೂತಿತ್ತು. ಮರಾಠಿ ಅಂಕಿಗಳಲ್ಲಿ ಎಷ್ಟು ಅಂದವಾಗಿ ಬರೆದಿದ್ದನೆಂದರೆ ಬೈಯಲೂ ಮನಸ್ಸಾಗಲಿಲ್ಲ. ಠಾಣೆಯ ಅಧಿಕಾರಿ ಬಂದು, ಹೇಗಾದರೂ ಮಾಡಿ ಹೊಂದುತ್ತದೆಂದು ಬರೆದುಕೊಡಿ, ಇವನೇ ಕೊಲೆಗಾರ ಎಂದು ಊರಿಗೆಲ್ಲ ಗೊತ್ತು ಎಂದರು. “ಊರಿಗೆ ಗೊತ್ತಿದ್ದರೆ ಊರವರನ್ನೇ ಕರೆಸಿ ಸಾಕ್ಷಿ ಹೇಳಿಸಿ,” ಎಂದು ಸಾಹೇಬರು ಚಹಾ ಕೂಡ ಕೊಡದೆ ಕಳಿಸಿದರು. ಆ ಆರೋಪಿ ಬಿಡುಗಡೆಯಾದ.

ಅಂಥವರಿಗೆ ಇನ್ನೊಂದು ಸ್ವಭಾವವೂ ಇತ್ತು. “ವಿಚಾರ್ಲಂ ತೇವ್ಢಂಚ ಸಾಂಗಾಯ್ಚಂ” ಎನ್ನುತ್ತಿದ್ದರು. ಕೇಳಿದಷ್ಟೇ ಹೇಳಬೇಕು. ಪೊಲೀಸರು ಕಾಗದದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ, ಅದರಾಚೆ ಒಂದು ಶಬ್ದ ಇಲ್ಲ. ನಾನೂ ಅದನ್ನು ಶಿಸ್ತು ಎಂದೇ ತಿಳಿದಿದ್ದೆ.

ಗುಂಡು ಹಾರಿಸುವ ಕೆಲಸ ವಿಠಲ ಕೋಟ್ಯಾನನದು. ಪೊಲೀಸ್ ಪಡೆಯಿಂದ ನಮ್ಮಲ್ಲಿಗೆ ಬಂದ ಪೇದೆ ಅವನು. ಆಯುಧಗಳನ್ನು ಬಿಚ್ಚಿ ಜೋಡಿಸುವುದು ಕಲಿತಿದ್ದ. ಅವನ ತಂದೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಭಟ್ಟಿ ಮುಂದೆ ನಿಂತು ಜೀವ ಸವೆಸಿದವರು. “ಅಪ್ಪ ಹೊಗೆ ಕುಡಿದದ್ದು ಸಾಕು, ನೀನಾದ್ರೂ ಸರ್ಕಾರಿ ನೌಕರಿ ಸೇರು ಅಂತ ಅಮ್ಮ ಅತ್ತುಬಿಟ್ರು,” ಎಂದು ನಗುತ್ತ ಹೇಳುತ್ತಿದ್ದ. ಎಲ್ಲರೆದುರು ನಾನು ಅವನಿಗೆ ಮೇಡಂ, ಇಬ್ಬರೇ ಇದ್ದಾಗ ಅಕ್ಕ. ನಾವು ಆಡುತ್ತಿದ್ದದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಾರಿಸುವ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಪಕ್ಕದ ಸೊಸೈಟಿಯವರು ಸದ್ದಿನ ದೂರು ಕೊಟ್ಟ ಮೇಲೆ ಅದರ ಎರಡು ಕಿಟಕಿಗಳಿಗೂ ಹಲಗೆ ಹೊಡೆದಿದ್ದರು. ಬಾಗಿಲು ಹಾಕಿದರೆ ಒಳಗಿನ ಗಾಳಿ ಒಳಗೇ. ನಾವು ಕಿವಿಗೆ ರಕ್ಷಣೆ ಹಾಕಿಕೊಳ್ಳುತ್ತಿದ್ದೆವು, ಕಣ್ಣಿಗೂ ಹಾಕುತ್ತಿದ್ದೆವು. ಮೂಗಿನ ವಿಷಯ ಯಾರಿಗೂ ಹೊಳೆದಿರಲಿಲ್ಲ. ಕೋಟ್ಯಾನ್ ಗುಂಡು ಹಾರಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಲ್ಲೇ ಸ್ಟೂಲಿನ ಮೇಲೆ ಕೂತು ವಡಾಪಾವ್ ತಿನ್ನುತ್ತಿದ್ದ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಭಿವಂಡಿಯಲ್ಲಿ ಒಂದು ಗೋಡೌನಿನ ಮಾಲೀಕರ ಕೊಲೆಯಾಯಿತು. ವಯಸ್ಸಾದ ಸೇಠರು, ಗೋಡೌನಿನ ಹಿಂದಿನ ಚಿಕ್ಕ ಆಫೀಸಿನಲ್ಲಿ ಕೂತಿದ್ದವರು, ಹಾಡುಹಗಲಲ್ಲೇ ಎದೆಗೆ ಗುಂಡು ಬಿದ್ದು ಸತ್ತರು. ಆ ಮಧ್ಯಾಹ್ನ ಒಳಗೆ ಹೋಗಿ ಹೊರಗೆ ಬಂದದ್ದು ಸರಕು ತಂದ ಒಂದು ಟೆಂಪೋ ಮಾತ್ರ. ಗೇಟಿನಲ್ಲಿ ವಾಚ್‌ಮನ್ ಒಬ್ಬನಿದ್ದ. ಹೆಸರು ಶರಣಪ್ಪ, ಗುಲ್ಬರ್ಗಾ ಕಡೆಯ ಹಳ್ಳಿಯವನು. ಟೆಂಪೋ ಹೋದ ಮೇಲೆ ಸೇಠರಿಗೆ ಚಹಾ ಕೊಡಲು ಹೋದವನು ಅವನೇ, ಕಂಡವನೂ ಅವನೇ, ಕೂಗಿ ಜನ ಸೇರಿಸಿದವನೂ ಅವನೇ.

ಪೊಲೀಸರು ಕೇಳಿದರು, ಗುಂಡಿನ ಸದ್ದು ಕೇಳಿದೆಯಾ. ಇಲ್ಲ ಎಂದ. ಗೇಟಿನಿಂದ ಆಫೀಸು ಕೂಗಳತೆಯ ದೂರ. ಅಷ್ಟು ಹತ್ತಿರದಲ್ಲಿ ಗುಂಡು ಹಾರಿದರೆ ಕಿವಿ ಇದ್ದವನಿಗೆ ಕೇಳದೆ ಇರುತ್ತದೆಯೇ. ಕೇಳಿಯೂ ಸುಮ್ಮನಿದ್ದಾನೆ ಎಂದಾದರೆ ಅವನೂ ಕೂಡಿಕೊಂಡಿದ್ದಾನೆ. ಶರಣಪ್ಪನನ್ನು ಒಳಗೆ ಹಾಕಿದರು. ಕೆಲವು ದಿನಗಳ ನಂತರ ಟೆಂಪೋದವನು ಸಿಕ್ಕಿಬಿದ್ದ. ಅವನ ಮನೆಯಲ್ಲಿ ಪಿಸ್ತೂಲು ಸಿಕ್ಕಿತು, ಪಿಸ್ತೂಲಿನ ಮೂತಿಗೆ ತಿರುಚಿ ಹಾಕುವ ಸೈಲೆನ್ಸರ್ ಸಿಕ್ಕಿತು, ಒಂದು ಚೀಲ ತುಂಬ ಗುಂಡುಗಳೂ ಸಿಕ್ಕಿದವು. ಸೇಠರ ಪಾಲುದಾರನೇ ಸುಪಾರಿ ಕೊಟ್ಟದ್ದು ಎಂದು ಒಪ್ಪಿಕೊಂಡ. ಪೊಲೀಸರು ಮತ್ತೆ ಮತ್ತೆ ಕೇಳಿದಾಗ, ವಾಚ್‌ಮನ್‌ನಿಗೂ ಗೊತ್ತಿತ್ತು ಎಂದುಬಿಟ್ಟ. ಒಬ್ಬನ ತಲೆ ಹೆಚ್ಚಾದರೆ ತನ್ನ ಭಾರ ಕಡಿಮೆಯಾಗುತ್ತದೆ ಎಂಬ ಲೆಕ್ಕ ಅವನದು.

ಸೀಲು ಒಡೆದು ಪಿಸ್ತೂಲನ್ನು ಹೊರತೆಗೆದ ದಿನ ಕೋಟ್ಯಾನ್ ಅದನ್ನು ಬಟ್ಟೆಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದ. ನಮಗೆ ಬರುತ್ತಿದ್ದ, ಕಟ್ಟಾ ಎನ್ನುವ ನಾಡ ಪಿಸ್ತೂಲುಗಳ ಹಾಗೆ ಒರಟಾಗಿರಲಿಲ್ಲ, ಕೈಕೆಲಸ ಚೆನ್ನಾಗಿತ್ತು. ಗುಂಡುಗಳು ಮಾತ್ರ ಕಾರ್ಖಾನೆಯವಲ್ಲ. ಕಾರ್ಖಾನೆಯ ಗುಂಡಿಗೆ ತಾಮ್ರದ ಹೊದಿಕೆ ಇರುತ್ತದೆ. ಇವು ಸೀಸ ಕರಗಿಸಿ ಅಚ್ಚಿಗೆ ಹೊಯ್ದವು, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿದ್ದವು.

ಕಾಗದದಲ್ಲಿ ಎರಡು ಪ್ರಶ್ನೆಗಳಿದ್ದವು. ಹೆಣದ ಗುಂಡು ಈ ಪಿಸ್ತೂಲಿನದೇ? ಈ ಸೈಲೆನ್ಸರ್ ಹಾಕಿದಾಗ ಸದ್ದು ಪೂರ್ತಿ ಅಡಗುತ್ತದೆಯೇ?

ಎರಡನೆಯದಕ್ಕೆ ಉತ್ತರ ಒಂದು ಬೆಳಿಗ್ಗೆಯಲ್ಲೇ ಸಿಕ್ಕಿತು. ಕೋಟ್ಯಾನ್ ಹಾರಿಸಿದ, ನಾನು ಮತ್ತು ಸಾಠೆ ಸಾಹೇಬರು ಹಿಂದೆ ನಿಂತೆವು. ಹಲಗೆ ಹೊಡೆದ ಆ ಚಿಕ್ಕ ಕೋಣೆಯಲ್ಲಿ, ಸೈಲೆನ್ಸರ್ ಇದ್ದರೂ, ದಪ್ಪ ಪುಸ್ತಕವನ್ನು ಎತ್ತಿ ಮೇಜಿಗೆ ಬಡಿದ ಹಾಗೆ ಸದ್ದಾಯಿತು. ಸಾಹೇಬರು ವರದಿಯಲ್ಲಿ ಬರೆದರು: ಸದ್ದು ಕಡಿಮೆಯಾಗುತ್ತದೆ, ಪೂರ್ತಿ ಅಡಗುವುದಿಲ್ಲ.

ನಾನು ಹೇಳಿದೆ, “ಸರ್, ಅಲ್ಲಿ ಸುತ್ತಮುತ್ತ ಪವರ್‌ಲೂಮ್ ಮಗ್ಗಗಳ ಗದ್ದಲ ಇದೆ. ಅಲ್ಲೇ ಹೋಗಿ ಹಾರಿಸಿ ನೋಡಬೇಕಲ್ಲವೇ?”

“ಪೊಲೀಸರು ಅದನ್ನು ಕೇಳಿದ್ದಾರಾ?”

“ಇಲ್ಲ ಸರ್.”

“ಹಾಗಾದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ನಾವು ಯಾರು, ಶೆಟ್ಟಿ ಮೇಡಂ? ಆ ವಾಚ್‌ಮನ್‌ನ ವಕೀಲ ಕೇಳಲಿ, ಮಾಡೋಣ.”

ವರದಿ ಹೋಯಿತು. ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಪೊಲೀಸರು ಅದನ್ನು ಓದಿಕೊಂಡ ಬಗೆ ಬೇರೆ. ಸದ್ದು ಅಡಗುವುದಿಲ್ಲ ಎಂದು ತಜ್ಞರೇ ಹೇಳಿದ್ದಾರೆ, ಅಂದಮೇಲೆ ವಾಚ್‌ಮನ್‌ನಿಗೆ ಕೇಳಿಸಿರಲೇಬೇಕು. ಜಾಮೀನು ಅರ್ಜಿ ಬಂದಾಗಲೆಲ್ಲ ನಮ್ಮ ಆ ಸಾಲನ್ನೇ ಓದಿ ಹೇಳಿ ಜಾಮೀನು ತಪ್ಪಿಸಿದರು. ಶರಣಪ್ಪನ ಪರ ಇದ್ದದ್ದು ಸರ್ಕಾರ ನೇಮಿಸಿದ ವಕೀಲರು, ಅವರು ಮೇಲಿಂದ ಮೇಲೆ ಬದಲಾಗುತ್ತಿದ್ದರು. ಸ್ಥಳದಲ್ಲಿ ಪರೀಕ್ಷೆ ಮಾಡಿಸಿ ಎಂದು ಕೇಳುವುದಕ್ಕೆ ಯಾರಿಗೂ ತೋಚಲಿಲ್ಲ.

ಮೊದಲನೆಯ ಪ್ರಶ್ನೆ, ಗುಂಡು ಹೊಂದಿಸುವುದು, ನಮ್ಮ ಜೀವ ತಿಂದಿತು. ಸೀಸ ಮೆತ್ತಗಿರುವುದರಿಂದ ಸೈಲೆನ್ಸರಿನ ಒಳಗೆ ಸಾಗುವಾಗ ಗುಂಡಿನ ಒಂದು ಮಗ್ಗುಲು ಒಳಗಿನ ಬಿಲ್ಲೆಗಳಿಗೆ ತಾಗಿ ಸವೆಯುತ್ತಿತ್ತು. ಪಿಸ್ತೂಲಿನ ನಳಿಗೆ ಮೂಡಿಸಿದ ಗೀರು ಅಲ್ಲಿ ಅಳಿಸಿಹೋಗುತ್ತಿತ್ತು. ಪ್ರತಿ ಸಲ ಹಾರಿಸಿದಾಗಲೂ ಸ್ವಲ್ಪ ಸೀಸ ಒಳಗೆ ಮೆತ್ತಿಕೊಂಡು, ಮುಂದಿನ ಗುಂಡು ಬೇರೆ ಥರ ಸವೆಯುತ್ತಿತ್ತು. ಒಂದರ ಹಾಗೆ ಇನ್ನೊಂದಿಲ್ಲ. ಹೆಣದ ಗುಂಡಿನ ಮೇಲೆ ಉಳಿದಿದ್ದ ಚೂರು ಗೀರಿಗೆ ಕೂಡುವಂಥದ್ದು ಒಂದಾದರೂ ಸಿಗುವ ತನಕ ಹಾರಿಸುತ್ತಲೇ ಇರಬೇಕಾಯಿತು. ಚೀಲದಲ್ಲಿ ಗುಂಡುಗಳಿಗೆ ಕೊರತೆ ಇರಲಿಲ್ಲ.

ವಾರಗಟ್ಟಲೆ ಕೋಟ್ಯಾನ್ ಆ ಕೋಣೆಯಲ್ಲಿ ನಿಂತ. ಬೇರೆ ಪಿಸ್ತೂಲುಗಳಲ್ಲಿ ಹೊಗೆ ಮುಂದಕ್ಕೆ ಹೋಗುತ್ತದೆ. ಸೈಲೆನ್ಸರ್ ಹಾಕಿದಾಗ ಅದರೊಳಗೆ ಸಿಕ್ಕಿಕೊಂಡ ಹೊಗೆ, ಪಿಸ್ತೂಲಿನ ಹಿಂಬದಿಯಿಂದ ವಾಪಸು ಬರುತ್ತದೆ.

“ಇದೊಂದು ವಿಚಿತ್ರ ಸಾಮಾನು ಅಕ್ಕ,” ಎಂದ ಒಮ್ಮೆ, ಕಣ್ಣು ಒರೆಸಿಕೊಳ್ಳುತ್ತ. “ಗುಂಡು ಅತ್ತ ಹೋಗ್ತದೆ, ಹೊಗೆ ಪೂರಾ ನನ್ನ ಮುಖಕ್ಕೇ. ಬಾಯಿ ಎಲ್ಲ ಸಿಹಿ ಸಿಹಿ ಆಗ್ತದೆ ಮಾರಾಯ್ರೆ, ತಾಮ್ರದ ಚೊಂಬು ನೆಕ್ಕಿದ ಹಾಗೆ.”

“ಸ್ವಲ್ಪ ಹೊರಗೆ ನಿಂತು ಗಾಳಿ ಕುಡಿ,” ಎಂದೆ.

“ಹೊರಗೆ ಎಂಥ ಗಾಳಿ ಉಂಟು? ಡೊಂಬಿವಲಿ ಎಂಐಡಿಸಿ ಫ್ಯಾಕ್ಟರಿಗಳ ಪಕ್ಕ ಮನೆ ಮಾಡಿಕೊಂಡವರು ನೀವು, ನಿಮಗೆ ಗೊತ್ತಿಲ್ವಾ,” ಎಂದು ನಕ್ಕ.

ನಾನೂ ನಕ್ಕೆ. ನಮ್ಮ ಏರಿಯಾದಲ್ಲಿ ಬೆಳಿಗ್ಗೆ ಎದ್ದರೆ ಒಂದೊಂದು ದಿನ ಒಂದೊಂದು ರಾಸಾಯನಿಕದ ವಾಸನೆ. ವಾಸನೆಗೆಲ್ಲ ಹೆದರಿದರೆ ಬದುಕಲಾದೀತೇ ಎಂಬ ಭಾವ ಇಬ್ಬರಲ್ಲೂ ಇತ್ತು. ಸೀಸದ ವಿಷದ ಬಗ್ಗೆ ನಾನು ಓದಿರಲಿಲ್ಲವೆಂದಲ್ಲ. ಆದರೆ ನಮ್ಮಲ್ಲಿ ಸೀಸ ಎಂದರೆ ಪೊಟ್ಟಣದಲ್ಲಿ ಬರುವ ಪುರಾವೆ. ಅದು ಗಾಳಿಯಲ್ಲೂ ಇರಬಹುದೆಂದು ನಮ್ಮ ಕಟ್ಟಡದಲ್ಲಿ ಯಾರೂ ಯಾವತ್ತೂ ಮಾತಾಡಿದ್ದಿಲ್ಲ.

ಕೊನೆಗೂ ಒಂದು ಗುಂಡು ಕೂಡಿತು. ಸೂಕ್ಷ್ಮದರ್ಶಕದಲ್ಲಿ ಎರಡು ಗುಂಡುಗಳ ಗೀರುಗಳು ಒಂದೇ ಗೆರೆಯಾಗಿ ನಿಂತಾಗ ಕೋಟ್ಯಾನನನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, “ಸಿಕ್ಕಿತು,” ಎಂದ. ಹೊರಗೆ ಹೋಗಿ ಇಡೀ ವಿಭಾಗಕ್ಕೆ ಜಿಲೇಬಿ ತಂದು ಹಂಚಿದ.

ಅದೇ ವರ್ಷ ಅವನಿಗೆ ಹೊಟ್ಟೆನೋವು ಶುರುವಾಯಿತು. ಹೋಟೆಲ್ ಮನೆತನದವರ ಹೊಟ್ಟೆ, ಗ್ಯಾಸ್ ಆಗಿರಬೇಕು ಎಂದು ನಾವೆಲ್ಲ ತಮಾಷೆ ಮಾಡಿದೆವು. ಕಲ್ಯಾಣದ ಡಾಕ್ಟರು ಆಸಿಡಿಟಿ ಎಂದು ಮಾತ್ರೆ ಕೊಟ್ಟರು. ನೋವು ತಡೆಯಲಾರದೆ ಒಂದು ದಿನ ನೆಲದ ಮೇಲೆ ಹೊರಳಾಡಿದಾಗ ಆಸ್ಪತ್ರೆಗೆ ಒಯ್ದರು. ಅಲ್ಲಿ ಅಪೆಂಡಿಕ್ಸ್ ಎಂದು ಆಪರೇಷನ್ ಮಾಡಿದರು. ಗಾಯ ಮಾಯಿತು, ನೋವು ಹಾಗೆಯೇ ಉಳಿಯಿತು. ಮನುಷ್ಯ ಬಿಳಿಚಿಕೊಂಡ. ಜೋರಾಗಿ ನಗುತ್ತಿದ್ದವನು ಸಣ್ಣ ಮಾತಿಗೂ ಸಿಡುಕತೊಡಗಿದ. ಹೆಂಡತಿ ಸುಜಾತ ನನಗೆ ಫೋನ್ ಮಾಡಿ, “ಆಫೀಸಿನಲ್ಲಿ ಏನಾದ್ರೂ ಜಗಳ ಆಗಿದೆಯಾ ಅಕ್ಕ? ಮನೇಲಿ ಮಾತಾಡೂದೇ ಇಲ್ಲ,” ಎಂದು ಕೇಳಿದಳು.

ಆಮೇಲೆ ಬಲಗೈ ಹೋಯಿತು. ಹೋಯಿತು ಎಂದರೆ, ಮಣಿಕಟ್ಟು ಜೋತುಬಿತ್ತು, ಬೆರಳು ಎತ್ತಲಾಗದು. ಸಂಜೆಯ ಕಲ್ಯಾಣ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತಿದ್ದವನ ಕೈ ಕಂಬದಿಂದ ಜಾರಿತು. ಹಿಂದಿದ್ದ ಯಾರೋ ಶರ್ಟು ಹಿಡಿದು ಒಳಗೆ ಎಳೆದುಕೊಂಡದ್ದರಿಂದ ಉಳಿದ. ಈ ಸಲ ಸುಜಾತ ಹಟ ಹಿಡಿದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಜೊತೆಗೆ ನಾನೂ ಹೋದೆ.

ಅಲ್ಲಿದ್ದದ್ದು ಒಬ್ಬಳು ಎಳೆಯ ವಯಸ್ಸಿನ ಡಾಕ್ಟರು. ಏನು ಕೆಲಸ ಎಂದು ಕೇಳಿದಳು. ಪೊಲೀಸ್ ಎಂದ ಕೋಟ್ಯಾನ್. ಹಿಂದಿನವರೆಲ್ಲ ಅಲ್ಲಿಗೇ ನಿಲ್ಲಿಸಿದ್ದರು. ಇವಳು, “ಪೊಲೀಸಿನಲ್ಲಿ ಏನು ಕೆಲಸ?” ಎಂದಳು. ಅವನು ಹೇಳಿದ. ಡಾಕ್ಟರು ಬರೆಯುವುದು ನಿಲ್ಲಿಸಿ, ಅವನ ತುಟಿ ಎತ್ತಿ ಒಸಡು ನೋಡಿದಳು. ಹಲ್ಲಿನ ಬುಡದುದ್ದಕ್ಕೂ ಸಣ್ಣ ನೀಲಿ ಗೆರೆ ಇತ್ತು.

“ಯುನಿಫಾರ್ಮ್ ಯಾರು ಒಗೆಯುತ್ತಾರೆ?” ಎಂದು ಕೇಳಿದಳು.

“ನಾನು,” ಎಂದಳು ಸುಜಾತ.

“ನಿಮ್ಮ ರಕ್ತವನ್ನೂ ಕೊಡಿ.”

ಇಬ್ಬರ ರಕ್ತದಲ್ಲೂ ಸೀಸ ಬಂತು. ಸುಜಾತಳದು ಬಟ್ಟೆಯ ಧೂಳಿನಿಂದ ಬಂದದ್ದು, ಸ್ವಲ್ಪ, ಅದು ಕ್ರಮೇಣ ಇಳಿಯಿತು. ಅವನದು ಡಾಕ್ಟರರನ್ನೇ ಹೆದರಿಸುವಷ್ಟಿತ್ತು. ಆ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಅವನು ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಅಪೆಂಡಿಕ್ಸ್ ಸುಮ್ಮನೆ ತೆಗೆದದ್ದಾ ಅಕ್ಕ?”

ಔಷಧಿಯಿಂದ ಹೊಟ್ಟೆನೋವು ನಿಂತಿತು. ಕೈಗೆ ಅರ್ಧ ಬಲ ವಾಪಸು ಬಂತು, ಅಷ್ಟೇ. ಇದು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿಕೊಳ್ಳಿ ಎಂದು ಇಲಾಖೆಗೆ ಅರ್ಜಿ ಕೊಟ್ಟೆವು. ಸಾಠೆ ಸಾಹೇಬರು ಕೂಡ, ಅವರ ಸ್ವಭಾವಕ್ಕೆ ವಿರುದ್ಧವಾಗಿ, ಯಾರೂ ಕೇಳದೆಯೇ ಉದ್ದವಾದ ಕಾಗದ ಬರೆದರು. ಮೇಲಿನಿಂದ ಉತ್ತರ ಬಂತು. ರಕ್ತದಲ್ಲಿರುವ ಸೀಸ ಪ್ರಯೋಗಾಲಯದಿಂದಲೇ ಬಂದದ್ದು ಎನ್ನುವುದಕ್ಕೆ ಪುರಾವೆ ಇಲ್ಲ. ಮನೆಯ ಬಣ್ಣದಿಂದ ಬಂದಿರಬಹುದು, ನೀರಿನ ಕೊಳವೆಯಿಂದ ಬಂದಿರಬಹುದು. ಒಂದು ಚೂರು ಸೀಸ ಯಾವ ನಳಿಗೆಯಿಂದ ಬಂತು ಎಂದು ಹೇಳುವುದೇ ನಮ್ಮ ಕಸುಬು. ನಮ್ಮವನ ಮೈಯೊಳಗಿನ ಸೀಸ ಎಲ್ಲಿಂದ ಬಂತು ಎಂದು ಮಾತ್ರ ನಮ್ಮಿಂದ ಸಾಬೀತು ಮಾಡಲಾಗಲಿಲ್ಲ. ಆ ಕಾಗದವನ್ನು ಸಾಹೇಬರು ನನ್ನ ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಹೋದರು. ಅವರು ನಿವೃತ್ತರಾಗುವ ತನಕ ಅದರ ವಿಷಯ ಎತ್ತಲಿಲ್ಲ. ಕೋಟ್ಯಾನನನ್ನು ಕಲ್ಯಾಣದ ಒಂದು ಪೊಲೀಸ್ ಠಾಣೆಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಹಾಕಿದರು.

ಕೊಲೆಯಾಗಿ ಕೆಲವು ವರ್ಷಗಳ ಮೇಲೆ ಕೇಸು ಠಾಣೆ ಜಿಲ್ಲಾ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಸಾಹೇಬರು ನಿವೃತ್ತರಾಗಿದ್ದರಿಂದ ನಾನೇ ಸಾಕ್ಷಿ ಹೇಳಬೇಕಾಯಿತು. ಶರಣಪ್ಪನಿಗೆ ಈಗ ಒಬ್ಬ ತರುಣ ವಕೀಲ ಸಿಕ್ಕಿದ್ದ. ಅವನು ಎದ್ದು ನಿಂತು, “ಸದ್ದು ಪೂರ್ತಿ ಅಡಗುವುದಿಲ್ಲ ಎಂದು ವರದಿಯಲ್ಲಿದೆ. ಎಲ್ಲಿ ನಿಂತು ಕೇಳಿದಿರಿ?” ಎಂದ. ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆ ಅದು.

“ಮುಚ್ಚಿದ ಕೋಣೆಯೊಳಗೆ, ಪಿಸ್ತೂಲಿನ ಪಕ್ಕದಲ್ಲೇ,” ಎಂದೆ.

“ಗೋಡೌನಿನ ಗೇಟಿನಲ್ಲಿ ನಿಂತವರಿಗೆ ಕೇಳುತ್ತದೆಯೇ?”

“ಗೊತ್ತಿಲ್ಲ. ಅಲ್ಲಿ ಹೋಗಿ ಹಾರಿಸಿ ನೋಡಿದರೆ ಮಾತ್ರ ಹೇಳಬಹುದು.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. “ಹಾಗಾದರೆ ನಾನೇ ಬರುತ್ತೇನೆ,” ಎಂದರು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಭಿವಂಡಿಗೆ ಹೋದೆವು. ಓಣಿಯ ಎರಡೂ ಕಡೆ ಮಗ್ಗಗಳು ನಡೆಯುತ್ತಿದ್ದವು. ಆ ಸದ್ದು ಕೇಳಿದವರಿಗೇ ಗೊತ್ತು. ಅದು ಕಿವಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ, ನೆಲವೇ ನಡುಗುತ್ತಿರುತ್ತದೆ. ನ್ಯಾಯಾಧೀಶರು ಗೇಟಿನಲ್ಲಿ ವಾಚ್‌ಮನ್ ಕೂರುವ ಜಾಗದಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಎರಡೂ ಕಡೆಯ ವಕೀಲರು. ಸ್ವಲ್ಪ ಆಚೆ ಇಬ್ಬರು ಪೇದೆಗಳ ನಡುವೆ ಶರಣಪ್ಪ. ಗಡ್ಡ ಅರ್ಧ ಬೆಳ್ಳಗಾಗಿತ್ತು. ನಾನು ಒಳಗೆ, ಸೇಠರು ಸತ್ತ ಆಫೀಸಿನಲ್ಲಿದ್ದೆ. ಮರಳು ತುಂಬಿದ ಪೆಟ್ಟಿಗೆಗೆ ಗುಂಡು ಹಾರಿಸಬೇಕು. ಕೋಟ್ಯಾನನ ಜಾಗಕ್ಕೆ ಬಂದಿದ್ದವನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದ. ನಾನೇ ಕಟ್ಟಿಸಿದ್ದೆ.

ಅದೇ ಚೀಲದ ಅದೇ ಸೀಸದ ಗುಂಡುಗಳನ್ನು ಒಂದೊಂದಾಗಿ ಹಾರಿಸಿ ಮುಗಿಸಿದ. ಒಳಗೆ ನನಗೆ ಸ್ಪಷ್ಟವಾಗಿ ಕೇಳಿತು. ಬಾಗಿಲು ತೆರೆದು ಗೇಟಿನ ತನಕ ನಡೆದು ಬಂದೆ.

ನ್ಯಾಯಾಧೀಶರು ಗಡಿಯಾರ ನೋಡಿಕೊಂಡು, “ಯಾವಾಗ ಶುರು ಮಾಡುತ್ತೀರಿ, ಮೇಡಂ?” ಎಂದರು.

“ಮುಗಿಯಿತು, ಸರ್.”

ಸರ್ಕಾರಿ ವಕೀಲರು ಇನ್ನೊಮ್ಮೆ ಹಾರಿಸಲಿ ಎಂದರು. ಇನ್ನೊಮ್ಮೆ ಹಾರಿಸಿದೆವು. ಈ ಸಲ ಎಲ್ಲರೂ ಕಿವಿಗೊಟ್ಟು ಕೂತಿದ್ದರೂ ಯಾರಿಗೂ ಕೇಳಿಸಲಿಲ್ಲವಂತೆ. ನ್ಯಾಯಾಧೀಶರು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಒಂದು ಗಳಿಗೆ ನೋಡಿ, ಕಾರಿನ ಕಡೆ ನಡೆದರು. ಒಂದು ಮಧ್ಯಾಹ್ನದ ಕೆಲಸ. ಕೇಸು ಬಂದ ವಾರದಲ್ಲೇ ಮಾಡಬಹುದಾಗಿತ್ತು.

ಟೆಂಪೋದವನಿಗೂ ಪಾಲುದಾರನಿಗೂ ಶಿಕ್ಷೆಯಾಯಿತು. ಶರಣಪ್ಪ ಬಿಡುಗಡೆಯಾದ. ಅವನು ಒಳಗಿದ್ದ ವರ್ಷಗಳಲ್ಲಿ ತಾಯಿ ತೀರಿಕೊಂಡಿದ್ದಳು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಹತ್ತಿರ ನಾನು ಅವನನ್ನು ಕನ್ನಡದಲ್ಲಿ ಮಾತಾಡಿಸಿದೆ. ಅವನಿಗೆ ಆಶ್ಚರ್ಯವಾಯಿತು.

“ನೀವು ನಮ್ಮ ಕಡೆಯವ್ರೇನ್ರಿ ಅವ್ವಾರ?”

“ಉಡುಪಿ ಕಡೆಯವಳು. ನಿನಗೆ ತುಂಬ ಅನ್ಯಾಯ ಆಯ್ತಪ್ಪ. ನಮ್ಮ ಆ ಒಂದು ಸಾಲಿನಿಂದ.”

ಅವನು ರಸ್ತೆ ಕಡೆ ನೋಡುತ್ತ ಹೇಳಿದ: “ಎಲ್ಲಾರೂ ನಿನಗ ಕೇಳಿಸೇತಿ, ಸುಳ್ಳ ಹೇಳ್ತಿ ಅಂತ ಬಡದ್ರು. ಈಗ ಜಜ್ ಸಾಹೇಬ್ರು ಕೇಳಿಸಿಲ್ಲ ಅಂತ ಬರದಾರ. ಖರೇನ ಐತ್ರಿ ಅದು. ಆದ್ರ ನನಗ ಕೇಳಿಸಿದ್ರ ಚಲೋ ಇತ್ತ್ರಿ ಅವ್ವಾರ. ಗುಂಡ ಬಿದ್ದ ಮ್ಯಾಲೂ ಸಾವಕಾರ್ರು ಒಂದೀಟು ಹೊತ್ತು ಜೀವಾ ಹಿಡಕೊಂಡಿದ್ರು ಅಂತ ಡಾಕ್ಟರ್ ಹೇಳಿದ್ರಲ್ರಿ. ನಾ ಗೇಟಿನಾಗ ಬೀಡಿ ಸೇದಕೋತ ಕುಂತಿದ್ನಿ.”

ಅಲ್ಲಿಂದ ಲೋಕಲ್ ಹಿಡಿದು ನೇರ ಕಲ್ಯಾಣಕ್ಕೆ ಕೋಟ್ಯಾನನ ಮನೆಗೆ ಹೋದೆ. ತೀರ್ಪಿನ ವಿಷಯ ಹೇಳಿದೆ. ಶರಣಪ್ಪ ಹೊರಗೆ ಬಂದದ್ದು ಕೇಳಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಎಡಗೈಯಿಂದ ಚಹಾದ ಲೋಟ ಹಿಡಿದು, “ನಮ್ಮ ಮ್ಯಾಚಿಂಗ್ ಬಗ್ಗೆ ಕೋರ್ಟು ಎಂಥ ಹೇಳಿತು ಅಕ್ಕ?” ಎಂದು ಕೇಳಿದ.

ಟೆಂಪೋದವನು ಪಿಸ್ತೂಲು ತನ್ನದೇ ಎಂದು ವಿಚಾರಣೆಯ ಶುರುವಿನಲ್ಲೇ ಒಪ್ಪಿಕೊಂಡಿದ್ದ. ಆ ಗುಂಡಿನ ಹೊಂದಿಕೆಯನ್ನು ಯಾರೂ ಪ್ರಶ್ನಿಸಲೇ ಇಲ್ಲ. ನನ್ನನ್ನು ಕಟಕಟೆಯಲ್ಲಿ ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ತೀರ್ಪಿನಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಸಾಲು. ವಾರಗಟ್ಟಲೆ ಅವನು ಆ ಹೊಗೆಯಲ್ಲಿ ನಿಂತದ್ದು ಆ ಒಂದು ಸಾಲಿಗೆ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಹತ್ತಿರ ಬೇರೆ ಏನಾದರೂ ಹೇಳುವುದು ನನ್ನಿಂದಾಗಲಿಲ್ಲ. ಅವನು ಲೋಟ ಕೆಳಗಿಟ್ಟು ಟಿವಿಯ ಕಡೆ ತಿರುಗಿದ. ಟಿವಿ ಆಫ್ ಆಗಿತ್ತು. ಸುಜಾತ ಒಳಗಿನಿಂದ ಬಂದು, ಊಟ ಮಾಡಿಕೊಂಡೇ ಹೋಗಬೇಕು ಎಂದು ಒತ್ತಾಯ ಮಾಡಿದಳು.

ನಾನು ವಿಭಾಗದ ಹೊಣೆ ಹೊತ್ತ ಮೇಲೆ ಕಾಗದದ ಮೇಲೆ ಕಾಗದ ಬರೆದೆ. ಬಹಳ ಸಲ ತಿರಸ್ಕರಿಸಿದರು. ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಹಾರಿಸುವ ಕೋಣೆ ಹೊಸದಾಯಿತು. ಹಿಂದಿನಿಂದ ಒಳ್ಳೆಯ ಗಾಳಿ ಬಂದು, ಹೊಗೆಯನ್ನು ಹಾರಿಸುವವನ ಮುಖದಿಂದ ಎಳೆದು ಮುಂದಕ್ಕೆ ಒಯ್ದು ಹೊರಗೆ ಬಿಡುವ ವ್ಯವಸ್ಥೆ. ಬಾಗಿಲ ಹತ್ತಿರ ಕೈ ತೊಳೆಯುವ ಜಾಗ. ಬಟ್ಟೆ ಅಲ್ಲೇ ಬಿಚ್ಚಿ ಅಲ್ಲೇ ಒಗೆಯುವ ಏರ್ಪಾಡು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ನೀವು ಈಗ ಕೆಲಸ ಮಾಡುವ ಕೋಣೆ ಅದೇ. ಅಲ್ಲಿ ತಿನ್ನಬೇಡಿ, ಕುಡಿಯಬೇಡಿ. ಮಾಸ್ಕ್ ಸೆಕೆ ಎಂದು ತೆಗೆಯಬೇಡಿ. ಪೊಲೀಸರು ಕೇಳದ ಪ್ರಶ್ನೆ ನಿಮ್ಮ ತಲೆಗೆ ಬಂದರೆ ವರದಿಯ ಕೊನೆಯಲ್ಲಿ ಅದನ್ನೂ ಬರೆಯಿರಿ. ಮೇಲಿನವರು ಹೊಡೆದುಹಾಕಿದರೆ ಹಾಕಲಿ, ನೀವು ಬರೆಯಿರಿ.

ಆ ಕೋಣೆ ಶುರುವಾದ ದಿನ ಕೋಟ್ಯಾನನನ್ನು ಕರೆದಿದ್ದೆ. ಬರಲಾರ ಎಂದುಕೊಂಡಿದ್ದೆ, ಸುಜಾತಳ ಜೊತೆ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ. ಜನ ಎಲ್ಲ ಪೇಡೆ ತಿನ್ನಲು ಆಚೆ ಹೋದ ಮೇಲೆ ಒಳಗೆ ಬಂದು, ಹಿಂದೆ ತಾನು ನಿಲ್ಲುತ್ತಿದ್ದ ಜಾಗ ಎಲ್ಲಿ ಎಂದು ಅಂದಾಜು ಮಾಡಿ ಅಲ್ಲೇ ನಿಂತ. ನಾನು ಸ್ವಿಚ್ಚು ಹಾಕಿದೆ. ಫ್ಯಾನುಗಳು ಗುಂಯ್ ಎಂದು ತಿರುಗತೊಡಗಿದವು. ಅವನ ಶರ್ಟಿನ ತೋಳು ಮುಂದಕ್ಕೆ ಹಾರಿತು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಬೆರಳುಗಳ ನಡುವೆ ಗಾಳಿ ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದ.

“ಇಷ್ಟೇ ಸಾಕಿತ್ತಾ ಅಕ್ಕ?” ಎಂದ.

ಹೊರಗಿನಿಂದ ಯಾರೋ ನನ್ನನ್ನು ಫೋಟೊಗೆ ಕರೆಯುತ್ತಿದ್ದರು.